ಕೋಡ್ ನಮ್ಮದು, ಬೀಗದ ಕೈ ಯಾರದು?

2018ರ ಅಕ್ಟೋಬರ್ 22, ಸೋಮವಾರ. ಆಯುಧಪೂಜೆ, ವಿಜಯದಶಮಿ ಮುಗಿದು, ವಾರಾಂತ್ಯವೂ ಕಳೆದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳು ಮತ್ತೆ ತುಂಬಿಕೊಳ್ಳಬೇಕಿದ್ದ ದಿನ. ಊರು ಏಳುವ ಮೊದಲೇ, ಬೆಳಗಿನ ಜಾವ 4 ಗಂಟೆ 22 ನಿಮಿಷಕ್ಕೆ, ಅಮೆರಿಕದ ಪೂರ್ವ ಕರಾವಳಿಯಲ್ಲಿ ಗಿಟ್‌ಹಬ್‌ನವರು ಕೆಡುತ್ತಿದ್ದ ಒಂದು ಆಪ್ಟಿಕಲ್ ಉಪಕರಣವನ್ನು ಬದಲಿಸುತ್ತಿದ್ದರು. ಆಗಾಗ ಮಾಡುವ ದುರಸ್ತಿಯೇ ಅದು. ಆದರೆ ಕೆಲಸದ ನಡುವೆ ಅವರ ಮುಖ್ಯ ಡೇಟಾ ಸೆಂಟರ್‌ನ ಸಂಪರ್ಕ ಕಡಿದುಹೋಯಿತು. ಕಡಿದದ್ದು 43 ಸೆಕೆಂಡು. ಸೇವೆ ಪೂರ್ತಿ ಸರಿಹೋಗಲು ಹಿಡಿದದ್ದು 24 ಗಂಟೆ 11 ನಿಮಿಷ. ನಮ್ಮ ಗಡಿಯಾರದ ಪ್ರಕಾರ ಆ ಸೋಮವಾರದ ಇಡೀ ಕೆಲಸದ ದಿನ ಅದರೊಳಗೇ ಮುಳುಗಿಹೋಯಿತು.

ಸಾಫ್ಟ್‌ವೇರ್ ಕಸುಬಿನ ಹೊರಗಿರುವವರಿಗೆ ಒಂದು ಮಾತು. ಗಿಟ್‌ಹಬ್ ಎಂದರೆ ಲೋಕದ ಬಹುಪಾಲು ಡೆವಲಪರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ, ಒಬ್ಬರದನ್ನೊಬ್ಬರು ತಿದ್ದುವ, ದೋಷಗಳನ್ನು ಚರ್ಚಿಸುವ ತಾಣ. 2008ರಲ್ಲಿ ಶುರುವಾದ ಇದನ್ನು 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. 2023ರ ಆರಂಭಕ್ಕೆ ಬಳಕೆದಾರರ ಸಂಖ್ಯೆ 10 ಕೋಟಿ ದಾಟಿತ್ತು. ಅವರಲ್ಲಿ ಭಾರತೀಯರ ಪಾಲು ದೊಡ್ಡದು. ನಿಮ್ಮ ಫೋನಿನಲ್ಲಿರುವ ಯಾವುದೇ ಆ್ಯಪ್ ತೆಗೆದುಕೊಳ್ಳಿ, ಅದರ ಯಾವುದಾದರೊಂದು ತುಣುಕು ಈ ತಾಣವನ್ನು ಹಾದು ಬಂದಿರುವ ಸಾಧ್ಯತೆ ಬಹಳ ಹೆಚ್ಚು.

43 ಸೆಕೆಂಡು 24 ಗಂಟೆಯಾದದ್ದು ಹೇಗೆಂದು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಗಿಟ್‌ಹಬ್‌ನ ಡೇಟಾಬೇಸ್‌ಗಳ ಮುಖ್ಯ ಪ್ರತಿ ಇದ್ದದ್ದು ಪೂರ್ವ ಕರಾವಳಿಯಲ್ಲಿ, ನಕಲು ಪಶ್ಚಿಮ ಕರಾವಳಿಯಲ್ಲಿ. ಪೂರ್ವದ ಸದ್ದು ನಿಂತದ್ದೇ ತಡ, ಕಾವಲಿಗಿದ್ದ ಆರ್ಕೆಸ್ಟ್ರೇಟರ್ ಎಂಬ ತಂತ್ರಾಂಶ ತನಗೆ ಕಲಿಸಿದ್ದನ್ನೇ ಮಾಡಿತು. ಪೂರ್ವ ಬಿದ್ದಿದೆ ಎಂದು ಬಗೆದು ಪಶ್ಚಿಮದ ನಕಲನ್ನೇ ಮುಖ್ಯ ಪ್ರತಿ ಎಂದು ಘೋಷಿಸಿತು. ಅಷ್ಟರಲ್ಲಿ ಸಂಪರ್ಕ ಮರಳಿತ್ತು, ಹೊಸ ಬರಹಗಳೆಲ್ಲ ಪಶ್ಚಿಮಕ್ಕೆ ಹರಿಯತೊಡಗಿದ್ದವು. ಆದರೆ ಸಂಪರ್ಕ ತಪ್ಪುವ ಕ್ಷಣದಲ್ಲಿ ಪೂರ್ವದಲ್ಲಿ ದಾಖಲಾದ ಕೆಲವು ಬರಹಗಳು ಪಶ್ಚಿಮಕ್ಕೆ ತಲುಪಿರಲೇ ಇಲ್ಲ. ಎರಡು ಕಡೆಯೂ ಇನ್ನೊಂದು ಕಡೆ ಇಲ್ಲದ ದಾಖಲೆ. ಒಂದನ್ನು ಉಳಿಸಿಕೊಂಡರೆ ಇನ್ನೊಂದು ಅಳಿಯುತ್ತದೆ. ಎಂಜಿನಿಯರ್‌ಗಳು ಅವಸರ ಮಾಡಲಿಲ್ಲ. ಸೇವೆ ಕುಂಟಿದರೂ ಸರಿ, ಬಳಕೆದಾರರ ದಾಖಲೆ ಕಳೆಯಬಾರದು ಎಂದು ನಿರ್ಧರಿಸಿ, ಹಲವು ಟೆರಾಬೈಟ್‌ಗಳ ಬ್ಯಾಕಪ್ ತರಿಸಿ ಗಂಟೆಗಟ್ಟಲೆ ಕೂತು ಎಲ್ಲವನ್ನೂ ಮತ್ತೆ ಕಟ್ಟಿದರು. ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ನಡೆದದ್ದನ್ನು ಮುಚ್ಚಿಡದೆ ವಿವರವಾಗಿ ಬರೆದು ಪ್ರಕಟಿಸಿದ್ದಕ್ಕೂ ಅವರನ್ನು ಮೆಚ್ಚಬೇಕು.

ಆ ವರದಿಯಲ್ಲಿ ಒಂದು ಸಂಗತಿ ಇದೆ, ಅದನ್ನು ಹೆಚ್ಚಿನವರು ಗಮನಿಸಲಿಲ್ಲ. ಆ ದಿನ ಯಾರ ಕೋಡ್‌ಗೂ ಏನೂ ಆಗಲಿಲ್ಲ. ರೆಪೊಸಿಟರಿಗಳು ಅಂದರೆ ಕೋಡ್ ಮತ್ತು ಅದರ ಇತಿಹಾಸವಿರುವ ಕಡತಗಳು ಸುರಕ್ಷಿತವಾಗಿದ್ದವು. ತೊಂದರೆಯಾದದ್ದು ಕೋಡ್‌ನ ಸುತ್ತ ಬೆಳೆದದ್ದಕ್ಕೆ. ದೋಷ ವರದಿಗಳು, ತಿದ್ದುಪಡಿ ಸೇರಿಸಿಕೊಳ್ಳಿ ಎಂದು ಕೇಳುವ ಪುಲ್ ರಿಕ್ವೆಸ್ಟ್‌ಗಳು, ಅವುಗಳ ಮೇಲಿನ ಚರ್ಚೆ ಎಲ್ಲವೂ ಹಳೆಯದನ್ನೇ ತೋರಿಸುತ್ತಿದ್ದವು. ಕೋಡ್ ಬದಲಾದಾಗ ಬೇರೆ ಯಂತ್ರಗಳಿಗೆ ಸುದ್ದಿ ಮುಟ್ಟಿಸುವ ವೆಬ್‌ಹುಕ್‌ಗಳು 50 ಲಕ್ಷಕ್ಕೂ ಹೆಚ್ಚು ಸಾಲುಗಟ್ಟಿ ನಿಂತವು, ಅವುಗಳಲ್ಲಿ ಸುಮಾರು 2 ಲಕ್ಷ ಅವಧಿ ಮೀರಿ ಬಿದ್ದೇಹೋದವು.

ಕೋಡ್ ಉಳಿದದ್ದೇಕೆ? ಉತ್ತರ 2005ರಲ್ಲಿದೆ. ಲಿನಕ್ಸ್ ಕರ್ನಲ್ ತಂಡ ಅಲ್ಲಿಯವರೆಗೆ ಕೋಡ್‌ನ ಬದಲಾವಣೆಗಳನ್ನು ದಾಖಲಿಸಲು ಖಾಸಗಿ ಕಂಪನಿಯೊಂದರ ಬಿಟ್‌ಕೀಪರ್ ಎಂಬ ಸಾಧನವನ್ನು ಪುಕ್ಕಟೆಯಾಗಿ ಬಳಸುತ್ತಿತ್ತು. ಆ ವರ್ಷ ಕಂಪನಿ ಪುಕ್ಕಟೆ ಅನುಮತಿ ಹಿಂತೆಗೆದುಕೊಂಡಿತು. ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಏಪ್ರಿಲ್‌ನಲ್ಲಿ ಕೂತು, ಮುಂದೆ ಗಿಟ್‌ಹಬ್‌ಗೆ ಅಡಿಪಾಯವಾದ ಗಿಟ್ ಬರೆದರು. ಅದರ ಮೂಲ ವಿಚಾರವೇ ಒಂದು ಕೇಂದ್ರದ ಮೇಲೆ ಅವಲಂಬನೆ ಬೇಡ ಎಂಬುದು. ಗಿಟ್‌ನಲ್ಲಿ ಕೋಡ್ ಇಳಿಸಿಕೊಂಡ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಮೊದಲ ದಿನದಿಂದ ಇಂದಿನವರೆಗಿನ ಪೂರ್ತಿ ಇತಿಹಾಸ ಇರುತ್ತದೆ. ಪ್ರತಿ ಬದಲಾವಣೆಗೂ ಅದರ ಒಳಗಿನದರಿಂದಲೇ ಲೆಕ್ಕ ಹಾಕಿದ ಗುರುತು ಸಂಖ್ಯೆ ಇರುವುದರಿಂದ ಯಾರಾದರೂ ಹಳೆಯದನ್ನು ಕದ್ದು ತಿದ್ದಿದರೆ ಕೂಡಲೇ ತಿಳಿಯುತ್ತದೆ. 2011ರಲ್ಲಿ ಲಿನಕ್ಸ್ ಕರ್ನಲ್‌ನ ತಾಣವಾದ ಕರ್ನಲ್ ಡಾಟ್ ಆರ್ಗ್ ಸರ್ವರ್‌ಗಳಿಗೆ ಕನ್ನ ಬಿದ್ದಾಗ ಈ ಗುಣ ಕೈಹಿಡಿಯಿತು. ಸರ್ವರ್ ಕೆಟ್ಟರೂ ಸಾವಿರಾರು ಜನರ ಬಳಿ ಇದ್ದ ಪ್ರತಿಗಳ ಜೊತೆ ಹೋಲಿಸಿ ನೋಡಬಹುದಾದ್ದರಿಂದ ಕರ್ನಲ್‌ನ ಕೋಡ್ ಬಗ್ಗೆ ಯಾರಿಗೂ ಆತಂಕವಿರಲಿಲ್ಲ.

ಹೀಗಿದ್ದೂ ಮೂರೇ ವರ್ಷದಲ್ಲಿ ಗಿಟ್‌ಹಬ್ ಬಂತು, ನಾವೆಲ್ಲ ಒಂದೇ ಕಡೆ ಹೋಗಿ ಸೇರಿದೆವು. ನಲ್ಲಿ ನೀರು ಬಂತೆಂದು ಹಿತ್ತಲ ಬಾವಿ ಮುಚ್ಚಿಬಿಟ್ಟ ಹಾಗೆ. ನಲ್ಲಿಯಿಂದ ಅನುಕೂಲವಾದದ್ದು ನಿಜ, ಸಣ್ಣ ಅನುಕೂಲವೂ ಅಲ್ಲ. ಚನ್ನಪಟ್ಟಣದ ವಿದ್ಯಾರ್ಥಿಯೊಬ್ಬ ಬರ್ಲಿನ್‌ನ ತಂಡಕ್ಕೆ ತನ್ನ ತಿದ್ದುಪಡಿ ಕಳಿಸಲು, ಅದನ್ನು ತೋರಿಸಿ ಕೆಲಸ ಗಿಟ್ಟಿಸಲು ಸಾಧ್ಯವಾದದ್ದು ಈ ತಾಣದಿಂದಲೇ. ಆದರೆ ಕೋಡ್‌ನ ಜೊತೆಗೆ ನಾವು ಚರ್ಚೆಯನ್ನೂ, ಪರೀಕ್ಷೆ ನಡೆಸುವ ಯಂತ್ರಗಳನ್ನೂ, ಬಿಡುಗಡೆಯನ್ನೂ, ಕೊನೆಗೆ ಬೇರೆ ತಾಣಗಳಿಗೆ ಲಾಗಿನ್ ಆಗುವ ಗುರುತನ್ನೂ ಅಲ್ಲೇ ಒಪ್ಪಿಸಿದೆವು. ರಸ್ಟ್ ಭಾಷೆಯ ಪ್ಯಾಕೇಜ್ ತಾಣದಲ್ಲಿ ಪ್ರಕಟಿಸಬೇಕಾದರೆ ಗಿಟ್‌ಹಬ್ ಖಾತೆ ಬೇಕು. ಮ್ಯಾಕ್ ಬಳಸುವವರು ತಂತ್ರಾಂಶ ಹಾಕಿಕೊಳ್ಳುವ ಸಾಧನ ಹೋಮ್‌ಬ್ರೂ ನಡೆಯುವುದು ಗಿಟ್‌ಹಬ್ ಮೇಲೆ. ಹೀಗಾಗಿ ಗಿಟ್‌ಹಬ್ ಅರ್ಧ ಗಂಟೆ ನಿಂತರೂ ಅದನ್ನು ಕಂಡೇ ಇಲ್ಲದವರ ಬಿಲ್ಡ್, ಅಂದರೆ ಕೋಡ್‌ನಿಂದ ಸಾಫ್ಟ್‌ವೇರ್ ಕಟ್ಟುವ ಕೆಲಸ, ಕೂಡ ನಿಲ್ಲುತ್ತದೆ. 2024ರ ಆಗಸ್ಟ್‌ನಲ್ಲಿ ಡೇಟಾಬೇಸ್ ಹೊಂದಾಣಿಕೆಯ ಒಂದು ಬದಲಾವಣೆಯಿಂದ ಅದರ ಎಲ್ಲ ಸೇವೆಗಳೂ 36 ನಿಮಿಷ ಒಟ್ಟಿಗೇ ನಿಂತಿದ್ದವು. ದೊಡ್ಡ ಕಂಪನಿಗಳಿಗೆ ಅದು ಕೊಡುವ ಲಿಖಿತ ಭರವಸೆ ಶೇ 99.9. ಕೇಳಲು ಪೂರ್ಣವೆನಿಸುವ ಈ ಅಂಕಿಯಲ್ಲೂ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ನಿಲ್ಲಲು ಅವಕಾಶವಿದೆ. ಪುಕ್ಕಟೆ ಬಳಸುವವರಿಗೆ ಆ ಭರವಸೆಯೂ ಇಲ್ಲ.

ಇದು ಗಿಟ್‌ಹಬ್ ಒಂದರ ಕಥೆಯಲ್ಲ. 2017ರ ಜನವರಿ 31ರ ರಾತ್ರಿ, ಅಂಥದೇ ಇನ್ನೊಂದು ತಾಣವಾದ ಗಿಟ್‌ಲ್ಯಾಬ್‌ನಲ್ಲಿ ನಡೆದದ್ದನ್ನು ಸಾಫ್ಟ್‌ವೇರ್ ಕಲಿಯುವ ಪ್ರತಿಯೊಬ್ಬರೂ ಓದಬೇಕು. ಸ್ಪ್ಯಾಮ್ ಕಾಟದಿಂದ ಡೇಟಾಬೇಸ್ ಮೇಲೆ ಭಾರ ಬಿದ್ದಿತ್ತು. ಎರಡನೇ ಸರ್ವರ್ ಮೊದಲನೆಯದರ ಜೊತೆ ಹೆಜ್ಜೆ ಹಾಕಲಾಗದೆ ಹಿಂದೆ ಬಿತ್ತು. ತಡರಾತ್ರಿಯವರೆಗೆ ಅದನ್ನು ಸರಿಪಡಿಸಲು ಹೆಣಗುತ್ತಿದ್ದ ಎಂಜಿನಿಯರ್ ಎರಡನೇ ಸರ್ವರ್‌ನ ದತ್ತಾಂಶ ಅಳಿಸಿ ಹೊಸದಾಗಿ ನಕಲು ಮಾಡಲು ಹೊರಟರು. ಆಜ್ಞೆ ಕೊಟ್ಟದ್ದು ಮೊದಲ ಸರ್ವರ್‌ನಲ್ಲಿ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಅಲ್ಲಿಗೆ ಮುಗಿಯಲಿಲ್ಲ. ದಿನಕ್ಕೊಮ್ಮೆ ತೆಗೆಯುತ್ತಿದ್ದ ಬ್ಯಾಕಪ್ ನೋಡಿದರೆ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿಯದು, ಬ್ಯಾಕಪ್ ತೆಗೆಯುವ ಸಾಧನ 9.2ನೆಯದು, ಎಂದಿನಿಂದಲೋ ಅದು ವಿಫಲವಾಗುತ್ತಲೇ ಇತ್ತು. ವಿಫಲವಾದಾಗ ಬರಬೇಕಿದ್ದ ಎಚ್ಚರಿಕೆಯ ಇಮೇಲ್‌ಗಳು ಸಹಿ ಇಲ್ಲವೆಂಬ ಕಾರಣಕ್ಕೆ ತಿರಸ್ಕೃತವಾಗುತ್ತಿದ್ದವು. ಕ್ಲೌಡ್ ಡಿಸ್ಕಿನ ಸ್ನ್ಯಾಪ್‌ಶಾಟ್ ಸೌಲಭ್ಯವನ್ನು ಡೇಟಾಬೇಸ್ ಸರ್ವರ್‌ಗಳಿಗೆ ಹಾಕಿಯೇ ಇರಲಿಲ್ಲ. ಕೊನೆಗೆ ಕಾಪಾಡಿದ್ದು ಆಕಸ್ಮಿಕ: ಬೇರೊಂದು ಪ್ರಯೋಗಕ್ಕೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಅದರಿಂದ ಎಲ್ಲವನ್ನೂ ಮರಳಿ ತುಂಬಲು ಸುಮಾರು 18 ಗಂಟೆ ಹಿಡಿಯಿತು. ಕಂಪನಿ ಆ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು, ಎಡವಿದವರ ಮೇಲೆ ತಪ್ಪು ಹೊರಿಸಲಿಲ್ಲ. ಆ ಪ್ರಾಮಾಣಿಕತೆ ನಮ್ಮ ಸಂಸ್ಥೆಗಳಿಗೂ ಬರಲಿ.

ಕಳೆದದ್ದೇನು? ಸುಮಾರು 5,000 ಯೋಜನೆಗಳ ದಾಖಲೆ, 5,000 ಟಿಪ್ಪಣಿ, 700 ಹೊಸ ಖಾತೆ. ಇಲ್ಲೂ ಗಿಟ್ ಕಡತಗಳು ಉಳಿದವು, ಅವುಗಳ ಸುತ್ತಲಿನ ಮಾತು ಹೋಯಿತು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅದೇ ಗಿಟ್‌ಲ್ಯಾಬ್ ತಂತ್ರಾಂಶವನ್ನು ತಮ್ಮ ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡಿದ್ದವರಿಗೆ ಆ ರಾತ್ರಿ ಕೂದಲೂ ಕೊಂಕಲಿಲ್ಲ.

ಕೋಡ್ ಸ್ಪೇಸಸ್‌ನ ಗತಿ ಇನ್ನೂ ಕಠೋರ. 2014ರ ಜೂನ್‌ನಲ್ಲಿ ಈ ಕೋಡ್ ಸಂಗ್ರಹ ಕಂಪನಿಯ ಅಮೆಜಾನ್ ಕ್ಲೌಡ್ ಖಾತೆ ಒಬ್ಬ ಸುಲಿಗೆಕೋರನ ಕೈಗೆ ಸಿಕ್ಕಿತು. ಹಣ ಕೇಳಿದ. ಕಂಪನಿ ಖಾತೆಯನ್ನು ಮರಳಿ ಪಡೆಯಲು ಯತ್ನಿಸಿದ್ದೇ ಒಂದೊಂದಾಗಿ ಅಳಿಸುತ್ತ ಹೋದ. ಗ್ರಾಹಕರ ದತ್ತಾಂಶವೂ ಅದರ ಬ್ಯಾಕಪ್‌ಗಳೂ ಹೆಚ್ಚಾಗಿ ಅದೇ ಖಾತೆಯಲ್ಲಿದ್ದವು. ಹನ್ನೆರಡು ಗಂಟೆಯೊಳಗೆ ಎಲ್ಲ ಮುಗಿದು ಕಂಪನಿ ಬಾಗಿಲು ಹಾಕಿತು.

ಯಂತ್ರ ಕೆಡದೆಯೂ ಬಾಗಿಲು ಮುಚ್ಚಬಹುದು. ಗೂಗಲ್ ಕೋಡ್ 2006ರಲ್ಲಿ ಶುರುವಾಗಿ 2016ರ ಹೊತ್ತಿಗೆ ಇಲ್ಲವಾಯಿತು, ಅಲ್ಲಿದ್ದವರೆಲ್ಲ ಗಂಟುಮೂಟೆ ಕಟ್ಟಬೇಕಾಯಿತು. 2019ರ ಜುಲೈನಲ್ಲಿ ಅಮೆರಿಕದ ನಿರ್ಬಂಧಗಳ ಕಾರಣಕ್ಕೆ ಇರಾನ್, ಸಿರಿಯಾ, ಕ್ರೈಮಿಯಾದ ಡೆವಲಪರ್‌ಗಳ ಖಾಸಗಿ ರೆಪೊಗಳಿಗೆ ಗಿಟ್‌ಹಬ್ ಬೀಗ ಹಾಕಿತು. ಇರಾನಿನವರಿಗೆ ಮತ್ತೆ ಅವಕಾಶ ಸಿಕ್ಕಿದ್ದು 2021ರಲ್ಲಿ. ಅವರು ಮಾಡಿದ ತಪ್ಪೆಂದರೆ ಆ ನೆಲದಲ್ಲಿದ್ದದ್ದು. ಇದು ನಮಗೆ ದೂರದ ಕಥೆಯೂ ಅಲ್ಲ. 2014ರ ಡಿಸೆಂಬರ್‌ನಲ್ಲಿ ನಮ್ಮದೇ ದೂರಸಂಪರ್ಕ ಇಲಾಖೆ ಉಗ್ರವಾದಿ ಬರಹಗಳಿವೆಯೆಂದು 32 ತಾಣಗಳನ್ನು ತಡೆಯಲು ಆದೇಶಿಸಿದಾಗ ಅದರಲ್ಲಿ ಗಿಟ್‌ಹಬ್ ಕೂಡ ಇತ್ತು. ಕೆಲವೇ ದಿನಗಳಲ್ಲಿ ತಡೆ ತೆರವಾಯಿತು. ಆದರೆ ಬೆಂಗಳೂರಿನಲ್ಲಿ ಕೂತವರ ಕೆಲಸ ದೆಹಲಿಯ ಒಂದು ಪತ್ರದಿಂದ ನಿಲ್ಲಬಹುದು ಎಂಬುದು ಅಂದೇ ಗೊತ್ತಾಯಿತು.

ಹಾಗಾದರೆ ಸ್ವಂತ ಸರ್ವರ್? ಮಾಡುವುದು ಈಗ ಮೊದಲಿನಷ್ಟು ಕಷ್ಟವಿಲ್ಲ. ದೊಡ್ಡ ತಂಡಕ್ಕೆ ಗಿಟ್‌ಲ್ಯಾಬ್‌ನ ಮುಕ್ತ ಆವೃತ್ತಿ ಇದೆ. ಡೆಬಿಯನ್‌ನ ಸಾಲ್ಸಾ, ಗ್ನೋಮ್, ಕೆಡಿಇಯಂಥ ದೊಡ್ಡ ಮುಕ್ತ ತಂತ್ರಾಂಶ ಯೋಜನೆಗಳು ವರ್ಷಗಳಿಂದ ಅದರ ಮೇಲೇ ನಡೆಯುತ್ತಿವೆ. ಚಿಕ್ಕ ತಂಡಕ್ಕೆ ಗಿಟೀ, ಅಥವಾ ಅದರಿಂದ 2022ರಲ್ಲಿ ಕವಲೊಡೆದ ಫೋರ್ಜೆಯೋ ಸಾಕು. ಒಂದೇ ಕಡತವಾಗಿ ಸಿಗುವ ಈ ತಂತ್ರಾಂಶ ತಿಂಗಳ ಬಾಡಿಗೆಯ ಚಿಕ್ಕ ಸರ್ವರ್‌ನಲ್ಲಿ, ಹಳೆಯ ಲ್ಯಾಪ್‌ಟಾಪಿನಲ್ಲಿ, ಅಂಗೈಯಗಲದ ರಾಸ್ಪ್‌ಬೆರಿ ಪೈನಲ್ಲಿ ಕೂಡ ಓಡುತ್ತದೆ. ಗಿಟ್‌ಹಬ್‌ನಿಂದ ಕೋಡ್ ಮಾತ್ರವಲ್ಲ, ಇಶ್ಯೂಗಳು, ಪುಲ್ ರಿಕ್ವೆಸ್ಟ್‌ಗಳು, ಅವುಗಳ ಮೇಲಿನ ಟಿಪ್ಪಣಿಗಳನ್ನೂ ಎಳೆದುಕೊಳ್ಳುವ ಸೌಕರ್ಯ ಅದರಲ್ಲಿದೆ. ನನಗೆ ಮುಖ್ಯವೆನಿಸುವುದು ಇದೇ, ಏಕೆಂದರೆ 2017 ಮತ್ತು 2018ರಲ್ಲಿ ಪೆಟ್ಟು ಬಿದ್ದದ್ದು ಅದಕ್ಕೇ. ಸ್ವಂತ ಸರ್ವರ್ ಬೇಡ, ಆದರೆ ಕಂಪನಿಯ ಮರ್ಜಿಯೂ ಬೇಡ ಎನ್ನುವವರಿಗೆ ಬರ್ಲಿನ್‌ನ ಲಾಭರಹಿತ ಸಂಘ ನಡೆಸುವ ಕೋಡ್‌ಬರ್ಗ್ ಇದೆ. 2025ರ ನವೆಂಬರ್‌ನಲ್ಲಿ ಜಿಗ್ ಭಾಷೆಯ ತಂಡ ಗಿಟ್‌ಹಬ್‌ನ ಸ್ವಯಂಚಾಲಿತ ಪರೀಕ್ಷಾ ಸೇವೆಯ ದೋಷಗಳಿಂದ ರೋಸಿ ಅಲ್ಲಿಗೆ ಹೋಯಿತು.

ಸ್ವಂತ ಸರ್ವರ್ ಇಟ್ಟುಕೊಂಡರೆ ಎಲ್ಲ ಸುಖ ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. 2021ರ ಮಾರ್ಚ್ 28ರಂದು ಪಿಎಚ್‌ಪಿ ಭಾಷೆಯ ಸ್ವಂತ ಗಿಟ್ ಸರ್ವರ್‌ನಲ್ಲಿ ಯಾರೋ, ಆ ಭಾಷೆಯ ಜನಕ ರಾಸ್ಮಸ್ ಲೆರ್ಡಾರ್ಫ್ ಅವರ ಹೆಸರಿನಲ್ಲೇ ಹಿಂಬಾಗಿಲ ಕೋಡ್ ಸೇರಿಸಿದರು. ಜಾಲತಾಣಗಳ ದೊಡ್ಡ ಪಾಲು ಆ ಭಾಷೆಯಲ್ಲಿ ನಡೆಯುತ್ತದೆ, ಗಂಟೆಗಳಲ್ಲೇ ಕಣ್ಣಿಗೆ ಬಿದ್ದದ್ದು ಎಲ್ಲರ ಪುಣ್ಯ. ತಂಡ ಕೂಡಲೇ ಸ್ವಂತ ಸರ್ವರ್ ಕೈಬಿಟ್ಟು ಗಿಟ್‌ಹಬ್‌ಗೆ ಹೋಯಿತು. 2024ರ ಜನವರಿಯಲ್ಲಿ ಪುಟ್ಟ ತಂಡವೊಂದು ನಡೆಸುವ ಕೋಡ್ ತಾಣ ಸೋರ್ಸ್‌ಹಟ್ ಮೇಲೆ ಕೃತಕ ದಟ್ಟಣೆಯ ದಾಳಿ ನಡೆದು ಸೇವೆ ದಿನಗಟ್ಟಲೆ ನಿಂತಿತು. 2018ರ ಫೆಬ್ರುವರಿಯಲ್ಲಿ ಗಿಟ್‌ಹಬ್ ಮೇಲೆ ಅಂಥದೇ ದಾಳಿ ಸೆಕೆಂಡಿಗೆ 1.35 ಟೆರಾಬಿಟ್ ವೇಗದಲ್ಲಿ ಬಂದಾಗ ಅದು ಹತ್ತೇ ನಿಮಿಷದಲ್ಲಿ ಎದ್ದು ನಿಂತಿತ್ತು. ದೊಡ್ಡವರ ಬಲ ಇದು, ಒಪ್ಪಲೇಬೇಕು. ಈಚೆಗಂತೂ ಎಐ ಕಂಪನಿಗಳಿಗೆ ದತ್ತಾಂಶ ಸಂಗ್ರಹಿಸುವ ಬಾಟ್‌ಗಳು ಗ್ನೋಮ್, ಕೆಡಿಇಗಳ ಸರ್ವರ್‌ಗಳನ್ನು ಸುಸ್ತಾಗಿಸಿ, ಓದಲು ಬಂದ ಮನುಷ್ಯರೂ ಮೊದಲು ತಾವು ಬಾಟ್ ಅಲ್ಲವೆಂದು ಸಾಬೀತು ಮಾಡಬೇಕಾದ ಸ್ಥಿತಿ ಬಂದಿದೆ. ಜೊತೆಗೆ ಭದ್ರತಾ ತೇಪೆಗಳನ್ನು ತಪ್ಪದೆ ಹಾಕುತ್ತಿರಬೇಕು. 2024ರ ಆರಂಭದಲ್ಲಿ ಗಿಟ್‌ಲ್ಯಾಬ್‌ನಲ್ಲಿ ಪಾಸ್‌ವರ್ಡ್ ಬದಲಿಸುವ ದಾರಿಯಿಂದ ಖಾತೆಯನ್ನೇ ಕದಿಯಬಹುದಾದ ದೋಷ ಸಿಕ್ಕಿತು. ಹೊಸ ಆವೃತ್ತಿ ಹಾಕಿಕೊಳ್ಳದೆ ತಡ ಮಾಡಿದ ಸ್ವಂತ ಸರ್ವರ್‌ಗಳಿಗೆ ಅಪಾಯ ಹಾಗೇ ಉಳಿಯಿತು.

ಆದರೂ ಪಿಎಚ್‌ಪಿ ಘಟನೆಯನ್ನು ಇನ್ನೊಮ್ಮೆ ನೋಡಿ. ಅಷ್ಟು ಬೇಗ ಜಾಗ ಬದಲಿಸಲು ಅವರಿಗೆ ಸಾಧ್ಯವಾದದ್ದು ಹೇಗೆ? ಗಿಟ್‌ಹಬ್‌ನಲ್ಲಿ ಅವರ ಕೋಡ್‌ನ ಮಿರರ್, ಅಂದರೆ ಯಥಾಪ್ರತಿ, ಮೊದಲೇ ಇತ್ತು. ಅದೇ ಮುಖ್ಯ ಪ್ರತಿ ಎಂದು ಘೋಷಿಸಿದರು, ಕೆಲಸ ಮುಂದುವರಿಯಿತು. ನಾನು ಸ್ವಂತ ಸರ್ವರ್ ಪರ ಮಾತಾಡುವುದು ಅದು ಬೀಳುವುದೇ ಇಲ್ಲವೆಂದಲ್ಲ. ಬೀಳುತ್ತದೆ, ಗಿಟ್‌ಹಬ್‌ಗಿಂತ ಹೆಚ್ಚು ಸಲ ಬೀಳಲೂಬಹುದು. ಬಿದ್ದಾಗ ಏನಾಗಿದೆ ಎಂದು ನೋಡುವ, ಯಾವುದನ್ನು ಮೊದಲು ಎಬ್ಬಿಸಬೇಕೆಂದು ನಿರ್ಧರಿಸುವ, ಬಿಡುಗಡೆಯ ಹಿಂದಿನ ದಿನ ದುರಸ್ತಿಗೆ ಕೈಹಾಕದಿರುವ ಹಕ್ಕು ನಮ್ಮದಾಗಿರುತ್ತದೆ. ಅಮೆರಿಕದ ಭಾನುವಾರ ಸಂಜೆ ನಮ್ಮ ಸೋಮವಾರ ಬೆಳಗಿನ ಜಾವ. ಅವರಿಗೆ ದುರಸ್ತಿಗೆ ಅನುಕೂಲವಾದ ಹೊತ್ತು ನಮ್ಮ ವಾರದ ಮೊದಲ ದಿನವನ್ನು ನುಂಗಬಹುದು, 2018ರಲ್ಲಿ ನುಂಗಿತು ಕೂಡ. ಗಿಟ್‌ಹಬ್ ಈಗ ತನ್ನ ಯಂತ್ರಗಳನ್ನೆಲ್ಲ ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್‌ಗೆ ಸಾಗಿಸುವ ದೊಡ್ಡ ಕೆಲಸದಲ್ಲಿದೆ. ಆ ವೇಳಾಪಟ್ಟಿ ಬರೆಯುವಾಗ ಜಯನಗರದ ಹತ್ತು ಜನರ ಸ್ಟಾರ್ಟಪ್‌ ಅನ್ನು ಯಾರೂ ಕೇಳುವುದಿಲ್ಲ.

ಯಾರು ಏನು ಮಾಡಬೇಕು ಎಂಬ ಬಗ್ಗೆ ನನ್ನ ನಿಲುವು ಹೀಗಿದೆ. ಸರ್ವರ್ ಕೆಲಸ ಬಲ್ಲ ಇಬ್ಬರು ಎಂಜಿನಿಯರ್‌ಗಳಾದರೂ ಇರುವ ಕಂಪನಿ ತನ್ನ ಖಾಸಗಿ ಕೋಡ್‌ನ ಮುಖ್ಯ ಪ್ರತಿಯನ್ನೂ, ಬಿಲ್ಡ್ ಮತ್ತು ಬಿಡುಗಡೆಯ ಯಂತ್ರವನ್ನೂ ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳಲಿ. ಹೊರಗಿನ ತಾಣ ಮಿರರ್ ಆಗಿರಲಿ. ಗ್ರಾಹಕರಿಗೆ ತುರ್ತು ತೇಪೆ ಕಳಿಸಬೇಕಾದ ಗಂಟೆಯಲ್ಲಿ ಬೇರೆಯವರ ಸ್ಟೇಟಸ್ ಪುಟ ಹಸಿರಾಗುವುದನ್ನು ಕಾಯುತ್ತ ಕೂರುವಂತಾಗಬಾರದು. ಲೋಕದ ಸಹಾಯ ಬೇಡುವ ಮುಕ್ತ ಯೋಜನೆಗಳು ಜನರಿರುವ ಕಡೆಯೇ ಇರಲಿ, ಆದರೆ ಹಿಂದೆ ಒಂದು ಪ್ರತಿ ಇರಲಿ. ಒಬ್ಬರೇ ಕೆಲಸ ಮಾಡುವವರು, ವಿದ್ಯಾರ್ಥಿಗಳು ಸರ್ವರ್ ಕಾಯುತ್ತ ನಿದ್ದೆಗೆಡಬೇಕಿಲ್ಲ, ಮಿರರ್ ಸಾಕು.

ಸರ್ಕಾರದ ವಿಚಾರದಲ್ಲಿ ನಾನು ಇಷ್ಟು ಮೃದುವಾಗಿರಲಾರೆ. ಸಾರ್ವಜನಿಕರ ಹಣದಲ್ಲಿ ಬರೆದ ಕೋಡ್‌ಗೆಂದೇ ಕೇಂದ್ರ ಸರ್ಕಾರ 2015ರಲ್ಲಿ ನೀತಿ ರೂಪಿಸಿ ಓಪನ್‌ಫೋರ್ಜ್ ಎಂಬ ಸ್ವಂತ ತಾಣ ಕಟ್ಟಿತು. ಆದರೆ 2020ರ ಮೇನಲ್ಲಿ ಆರೋಗ್ಯ ಸೇತು ಆ್ಯಪ್‌ನ ಕೋಡ್ ಜನರಿಗೆ ತೆರೆದದ್ದು ಗಿಟ್‌ಹಬ್‌ನಲ್ಲಿ. ಡೆವಲಪರ್‌ಗಳು ಅಲ್ಲಿದ್ದಾರೆ ಎಂಬ ಕಾರಣ ಅರ್ಥವಾಗುತ್ತದೆ. ಅಲ್ಲೂ ಇರಲಿ. ಆದರೆ ಭೂದಾಖಲೆ, ಪಡಿತರ, ಪಿಂಚಣಿಯಂಥ ವ್ಯವಸ್ಥೆಗಳ ಕೋಡ್‌ನ ಮುಖ್ಯ ಪ್ರತಿ ಮತ್ತು ಅದನ್ನು ನಡೆಸುವ ಅಧಿಕಾರ ಇನ್ನೊಂದು ದೇಶದ ಕಂಪನಿಯ ಖಾತೆಯಲ್ಲಿ ಇರಬಾರದು. ಅದಕ್ಕೆ ಬೇಕಾದ ಜನ, ಹಣ, ಜಾಗ ಮೂರೂ ನಮ್ಮ ರಾಜ್ಯದಲ್ಲಿವೆ.

ಕನ್ನಡದ ಕೆಲಸಗಳಿಗೂ ಇದೇ ಮಾತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ದತ್ತಾಂಶ ಇಂದು ಗಿಟ್‌ಹಬ್‌ನಲ್ಲಿ ಮುಕ್ತವಾಗಿ ಸಿಗುತ್ತದೆ. ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಲು ಅದರ ಪರವಾನಗಿಯಲ್ಲಿ ಅವಕಾಶವಿದೆ. ನಮ್ಮ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ವಿಭಾಗಗಳು ಒಂದೊಂದು ಫೋರ್ಜೆಯೋ ನಡೆಸಿ, ಇಂಥ ನಿಘಂಟು, ಫಾಂಟ್, ಕೀಬೋರ್ಡ್ ಯೋಜನೆಗಳ ಮಿರರ್ ಇಟ್ಟುಕೊಂಡರೆ ಕನ್ನಡಕ್ಕೆ ಕಾವಲಾಗುತ್ತದೆ, ವಿದ್ಯಾರ್ಥಿಗಳಿಗೆ ಸರ್ವರ್ ನಡೆಸುವ ಪಾಠವೂ ಆಗುತ್ತದೆ. ತಗಲುವ ಖರ್ಚು ಒಂದು ವಿಚಾರ ಸಂಕಿರಣದ ಊಟದ ಖರ್ಚಿಗಿಂತ ಕಡಿಮೆ.

ನೀವು ಕೋಡ್ ಬರೆಯುವವರಾದರೆ ಈ ವಾರ ಒಂದು ಗಂಟೆ ತೆಗೆದಿಡಿ. ನಿಮಗೆ ಮುಖ್ಯವಾದ ರೆಪೊವನ್ನು ಮಿರರ್ ಆಯ್ಕೆ ಕೊಟ್ಟು ಕ್ಲೋನ್ ಮಾಡಿ ಬೇರೊಂದು ಯಂತ್ರದಲ್ಲಿಡಿ. ಇಶ್ಯೂಗಳನ್ನೂ ಚರ್ಚೆಗಳನ್ನೂ ಬೇರೆಯಾಗಿ ಇಳಿಸಿಕೊಳ್ಳಿ, ಅವು ಕ್ಲೋನ್ ಜೊತೆ ಬರುವುದಿಲ್ಲ. ಬ್ಯಾಕಪ್ ಇರುವ ಖಾತೆಯ ಪಾಸ್‌ವರ್ಡ್ ಮೂಲ ಖಾತೆಯದಕ್ಕಿಂತ ಬೇರೆಯೇ ಇರಲಿ. ಆಮೇಲೆ ಆ ಪ್ರತಿಯಿಂದ ನಿಮ್ಮ ಸಾಫ್ಟ್‌ವೇರ್ ಅನ್ನು ಪೂರ್ತಿ ಬಿಲ್ಡ್ ಮಾಡಿ ನೋಡಿ, ಗಿಟ್‌ಹಬ್‌ನ ಸಂಪರ್ಕ ಕಡಿದುಕೊಂಡು. ಎಲ್ಲಿ ನಿಲ್ಲುತ್ತದೋ ಅಲ್ಲಿಂದ ದುರಸ್ತಿ ಶುರುಮಾಡಿ.